ಬಲಗೈಯ ಬ್ರೇಕು

ನನಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳಹೊರಟಿರುವುದು ಶಾಲೆಯಲ್ಲಿ ಸೈಕಲ್ ತಂಡ ಕಟ್ಟಿದ ಸಂಗತಿ. ಅದೂ ರಸ್ತೆಯ ಮೇಲೆ ಓಡಿಸುವ ಸೈಕಲ್ಲಲ್ಲ, ಗುಡ್ಡ ಹತ್ತಿ ಇಳಿಸುವ ಸೈಕಲ್ಲು.

ನನ್ನ ತವರು ಭಾಲ್ಕಿ. ಮನೆಯಲ್ಲಿ ಒಂದು ಸೈಕಲ್ ಇತ್ತು. ಬೆಳಿಗ್ಗೆ ಅಪ್ಪ ಸ್ಟೇಷನ್ ಕಡೆ ಹೋಗಿಬಂದ ಮೇಲೆ ಅಣ್ಣನ ಕೈಗೆ ಹೋಗುತ್ತಿತ್ತು. ನನ್ನ ಪಾಲಿಗೆ ಬಂದದ್ದು ಹಿಂದಿನ ಕ್ಯಾರಿಯರ್ ಮಾತ್ರ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಂಗಳದಲ್ಲಿ ಒಳಗಾಲು ಹಾಕಿ ತುಳಿಯಲು ಹೋಗಿ ತುಳಸಿಕಟ್ಟೆಗೆ ಗುದ್ದಿದೆ. ಅಜ್ಜಿ ಬೈಯಲಿಲ್ಲ, ಸೈಕಲ್ಲಿಗೆ ಬೀಗ ಹಾಕಿಸಿದಳು. ಆಮೇಲೆ ಓದು, ಬಿ.ಎಡ್., ಮದುವೆ, ಬೀದರಿನಲ್ಲಿ ಸಂಸಾರ, ಔರಾದ್ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಕೆಲಸ. ಬೀದರಿನಿಂದ ಔರಾದಿಗೆ ಸುಮಾರು 40 ಕಿಲೋಮೀಟರ್. ಕೆಂಪು ಕಲ್ಲಿನ ನಮ್ಮ ಎತ್ತರದ ಊರಿನಿಂದ ಬಸ್ಸು ಜನವಾಡದ ಕಡೆ ಮಾಂಜ್ರಾ ಹೊಳೆಯ ತಗ್ಗಿಗೆ ಇಳಿಯುತ್ತದೆ. ಅಲ್ಲಿಂದಾಚೆ ಎರೆಭೂಮಿ, ತೊಗರಿ ಹೊಲ, ಸಂತಪುರ. ಈ ದಾರಿಯಲ್ಲಿ ನಾನು ಎಷ್ಟು ಸ್ವೆಟರ್ ಹೆಣೆದೆನೋ, ಎಷ್ಟು ಉತ್ತರ ಪತ್ರಿಕೆ ತಿದ್ದಿದೆನೋ ಲೆಕ್ಕವಿಲ್ಲ.

2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಅದಕ್ಕೂ ಮುಂಚೆ ಸುತ್ತಲಿನ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳ ಓದು ಏಳನೆಯದಕ್ಕೆ ಮುಗಿಯುತ್ತಿತ್ತು. ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ದೂರ, ಬಸ್ಸಿನ ಭರವಸೆಯಿಲ್ಲ. ಸೈಕಲ್ ಬಂದ ಮೇಲೆ ಬೆಳಿಗ್ಗೆ ಹೊಲದ ದಾರಿಯಲ್ಲಿ ಸಾಲಾಗಿ ಎರಡು ಜಡೆಗಳು ಬರುವುದನ್ನು ಶಾಲೆಯ ಕಟ್ಟೆಯ ಮೇಲೆ ನಿಂತು ನೋಡುವುದೇ ಒಂದು ಸಂತೋಷ. ಆ ಸಂತೋಷದಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮ ಶಾಲೆಯ ಹಿಂದೆ ಒಂದು ಮೊರಮಿನ ದಿಬ್ಬ. 2018ರ ಮಳೆಗಾಲದಲ್ಲಿ ಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ಅದರ ಮೇಲೆ ಸೈಕಲ್ ಹತ್ತಿಸಿ ಇಳಿಸಲು ಶುರು ಮಾಡಿದರು. ನಾನು ಬೆತ್ತ ಹಿಡಿದುಕೊಂಡೇ ಹೋದೆ. ಒಂಬತ್ತನೆಯ ತರಗತಿಯ ಎತ್ತರದ ಹುಡುಗಿಯೊಬ್ಬಳು ಹೆದರದೆ, "ಟೀಚರ್, ಇದು ಆಟ ಅದರಿ. ಫೋನಿನಾಗ ನೋಡೀವಿ. ದೊಡ್ಡ ದೊಡ್ಡ ದೇಶದಾಗ ಆಡ್ತಾರ" ಎಂದಳು. ಮನೆಗೆ ಬಂದು ಮಗನನ್ನು ಕೇಳಿದೆ. ಅವನು ಕಂಪ್ಯೂಟರ್ ತೆಗೆದು ತೋರಿಸಿದ. ಹುಡುಗಿ ಹೇಳಿದ್ದು ನಿಜ. ಒಲಿಂಪಿಕ್ಸ್‌ನಲ್ಲಿಯೇ ಇದೆ, 1996ರ ಅಟ್ಲಾಂಟಾದಿಂದ, ಗಂಡಸರಿಗೂ ಹೆಂಗಸರಿಗೂ.

ನನಗೆ ಹಿಡಿಸಿದ್ದು ಒಲಿಂಪಿಕ್ಸ್ ಅಲ್ಲ, ಈ ಆಟ ಹುಟ್ಟಿದ ಬಗೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ ಕೆಲವು ಹುಡುಗರು ಗುಜರಿಗೆ ಹೋಗಬೇಕಾಗಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮೇಲೊಯ್ದು ಇಳಿಸುತ್ತಿದ್ದರಂತೆ. ಗೇರ್ ಇಲ್ಲ, ಹಿಂದಕ್ಕೆ ತುಳಿದರೆ ಹಿಡಿಯುವ ಒಂದೇ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಆ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹೀಗೆ ಮತ್ತೆ ತುಂಬುವುದರಿಂದಲೇ 1976ರಲ್ಲಿ ಅಲ್ಲಿ ನಡೆದ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು ಬಂತು. ಅದೇ ರಾಜ್ಯದ ಬರ್ಕ್ಲಿ ಹೈಸ್ಕೂಲಿನಲ್ಲಿ ಮಕ್ಕಳ ತಂಡ ಕಟ್ಟಿದವರು ಮ್ಯಾಟ್ ಫ್ರಿಟ್ಸಿಂಗರ್ ಎಂಬ ಗಣಿತದ ಮೇಷ್ಟ್ರು. 2001ರಲ್ಲಿ ಅವರು ಸುತ್ತಲಿನ ಶಾಲೆಗಳನ್ನು ಸೇರಿಸಿ ಲೀಗ್ ಪಂದ್ಯ ಆರಂಭಿಸಿದರು. ಗಣಿತದ ಮೇಷ್ಟ್ರು ಮಾಡಬಹುದಾದರೆ ಸಮಾಜ ವಿಜ್ಞಾನದ ಟೀಚರು ಯಾಕೆ ಮಾಡಬಾರದು ಎನ್ನಿಸಿತು. ಆ ಮೇಷ್ಟ್ರಿಗೆ ಸೈಕಲ್ ಬರುತ್ತಿತ್ತು ಎಂಬುದು ಆಗ ನನಗೆ ಮುಖ್ಯವಾಗಿ ಕಾಣಲಿಲ್ಲ.

ನಮ್ಮಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಮುಖ್ಯೋಪಾಧ್ಯಾಯರು "ನೀವೇ ನೋಡ್ಕೊಳ್ರಿ ಮೇಡಂ" ಎಂದರು. ಆರು ಹುಡುಗಿಯರು, ಮೂವರು ಹುಡುಗರು, ಎರಡು ಹೆಲ್ಮೆಟ್. ಹತ್ತುವಾಗ ಬೇಡ, ಇಳಿಯುವವರು ಮಾತ್ರ ಹಾಕಬೇಕು, ಕೆಳಗೆ ಬಂದವರು ಬಿಚ್ಚಿ ಮುಂದಿನವರಿಗೆ ಕೊಡಬೇಕು ಎಂದು ನಿಯಮ ಮಾಡಿದೆ. ಮುಂದಿನ ಮಡ್‌ಗಾರ್ಡ್, ಬುಟ್ಟಿ ಎಲ್ಲ ಬಿಚ್ಚಿಸಿದೆವು. ಮಡ್‌ಗಾರ್ಡ್ ಬಿಚ್ಚುವುದನ್ನು ಕಲಿಸಿದ್ದು ನಮ್ಮ ಎರೆಮಣ್ಣು. ಮಳೆಯಾದ ಮರುದಿನ ಚಕ್ರ ನಾಲ್ಕು ಸುತ್ತು ಸುತ್ತುವುದರೊಳಗೆ ಮಣ್ಣು ಮಡ್‌ಗಾರ್ಡಿನೊಳಗೆ ಹಿಟ್ಟಿನಂತೆ ತುಂಬಿಕೊಂಡು ಸೈಕಲ್ ನಿಂತೇಬಿಡುತ್ತದೆ. ಆಗ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ತರಬೇಕು. ಬ್ರೇಕಿನ ರಬ್ಬರು ತಿಂಗಳಿಗೊಮ್ಮೆ ಸವೆಯುತ್ತಿತ್ತು. ಬೀದರಿನ ಗವಾನ್ ಚೌಕದ ಹತ್ತಿರ ಸೈಕಲ್ ರಿಪೇರಿ ಮಾಡುವ ಮುದುಕ ಚಾಚಾ ಒಬ್ಬರಿದ್ದರು. ಸಂಬಳದ ದಿನ ಅವರಲ್ಲಿ ಹೋಗಿ ಡಜನ್‌ಗಟ್ಟಲೆ ರಬ್ಬರು ತರುತ್ತಿದ್ದೆ. ಸೀರೆ ಅಂಗಡಿಯ ಬಾಕಿ ತೀರಿಸಿ ಗೊತ್ತು, ಇದು ಹೊಸದು ಎಂದು ನಮ್ಮ ಯಜಮಾನರು ನಗುತ್ತಿದ್ದರು.

ನವೆಂಬರ್ ಕೊನೆಯಲ್ಲಿ ಒಂದು ಶನಿವಾರ ಆ ಎತ್ತರದ ಹುಡುಗಿ ದಿಬ್ಬದ ಕಡಿದಾದ ಬದಿಯಿಂದ ಇಳಿಯತೊಡಗಿದಳು. ನಾನು ಕೆಳಗೆ ನಿಂತಿದ್ದೆ. ವೇಗ ಹೆಚ್ಚಾಯಿತು ಎನ್ನಿಸಿ ನನ್ನ ಎದೆ ಹಾರಿತು. "ಬ್ರೇಕ್! ಬ್ರೇಕ್ ಹಿಡಿ!" ಎಂದು ಕೂಗಿದೆ. ಅವಳು ಹಿಡಿದಳು. ಸೈಕಲ್ಲಿನ ಹಿಂದಿನ ಚಕ್ರ ಎದ್ದು ಹುಡುಗಿ ಹ್ಯಾಂಡಲ್ ಮೇಲಿಂದ ಹಾರಿ ಮೊರಮಿನ ಮೇಲೆ ಬಿದ್ದಳು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು, ಮುಂಗೈ ಮೂಳೆ ಮುರಿಯಿತು. ಜೀಪಿನಲ್ಲಿ ಬೀದರಿಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವಳು ಅಳಲಿಲ್ಲ, "ಸೈಕಲ್ಲಿಗೆ ಏನರ ಆಯ್ತೇನ್ರಿ?" ಎಂದು ಎರಡು ಸಲ ಕೇಳಿದಳು.

ಯಾರೂ ನನ್ನನ್ನು ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು. ಕೆಲವರು ಹುಡುಗಿಯ ಸೊಕ್ಕು ಎಂದರು, ಕೆಲವರು ದಿಬ್ಬದ್ದು ತಪ್ಪು ಎಂದರು. ಅವಳಪ್ಪ ಸೈಕಲ್ಲನ್ನು ದನದ ಕೊಟ್ಟಿಗೆಯಲ್ಲಿಟ್ಟು, ಕೈ ನೆಟ್ಟಗಾದರೂ ಸಾಲಿ ಸಾಕು ಎಂದರಂತೆ.

ಮುಂದಿನ ಭಾನುವಾರ ಡೊಂಕಾದ ಹ್ಯಾಂಡಲ್ ನೆಟ್ಟಗೆ ಮಾಡಿಸಬಹುದೇ ಎಂದು ಚಾಚಾರನ್ನು ಕೇಳಲು ಹೋದೆ. ಹೇಗೆ ಬಿದ್ದಳು ಎಂದು ಕೇಳಿದರು, ಹೇಳಿದೆ. ಅವರು ಅಂಗಡಿಯ ಮುಂದಿದ್ದ ಸೈಕಲ್ಲೊಂದರ ಬಲಗೈಯ ಹಿಡಿಯನ್ನು ಒತ್ತಿ ತೋರಿಸಿದರು. ಅದು ಮುಂದಿನ ಚಕ್ರದ್ದು. ಎಡಗೈಯದು ಹಿಂದಿನದು. ಗಾಬರಿಯಾದವರು ಮೊದಲು ಬಿಗಿಹಿಡಿಯುವುದು ಬಲಗೈಯನ್ನೇ. ಇಳಿಜಾರಿನಲ್ಲಿ ಮೈಭಾರವೆಲ್ಲ ಮುಂದಕ್ಕೆ ಬಂದಿರುತ್ತದೆ, ಮುಂದಿನ ಚಕ್ರ ಒಮ್ಮೆಲೇ ನಿಂತರೆ ಸೈಕಲ್ ಮಗುಚದೆ ಏನು ಮಾಡೀತು? ವೇಗವನ್ನು ಇಳಿಜಾರಿಗೆ ಮುಂಚೆಯೇ ಕಡಿಮೆ ಮಾಡಿಕೊಳ್ಳಬೇಕು. ಇಳಿಯುವಾಗ ಸೀಟಿನಿಂದೆದ್ದು ಮೈಯನ್ನು ಹಿಂದಕ್ಕೆ ಸರಿಸಿ, ಎರಡು ಪೆಡಲ್ ಸಮಮಟ್ಟದಲ್ಲಿಟ್ಟು, ಮೊಣಕೈ ಮೊಣಕಾಲು ಸಡಿಲ ಬಿಟ್ಟು, ಎರಡೂ ಬ್ರೇಕನ್ನು ಹಿಡಿದೂ ಹಿಡಿಯದ ಹಾಗೆ ಹಿಡಿಯಬೇಕು. ಚಾಚಾ ಇದನ್ನೆಲ್ಲ ಒಂದು ಸ್ಟೂಲಿನ ಮೇಲೆ ಕುಳಿತು ಅಭಿನಯಿಸಿ ತೋರಿಸಿದರು. ಆಮೇಲೆ ಮೆಲ್ಲಗೆ, "ಬಾಯಿ, ಬಚ್ಚಿ ನಿಮ್ಮ ಮಾತು ಕೇಳಿದಳು, ಅದಕ್ಕೇ ಬಿದ್ದಳು" ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ನಾನು ಯಾರಿಗೂ ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಎರಡು ದಿನ ಹೇಳಲೂ ಇಲ್ಲ. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಆ ಹಳ್ಳಿಗೆ ಹೋದೆ. ಅವಳ ತಾಯಿ ಚಹಾ ಮಾಡಿಕೊಟ್ಟರು. ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ: ಹುಡುಗಿ ಸರಿಯಾಗಿಯೇ ಇಳಿಯುತ್ತಿದ್ದಳು, ನನಗೆ ತಿಳಿಯದ ವಿಷಯದಲ್ಲಿ ನಾನು ಕೂಗಿದೆ, ನನ್ನ ಮಾತಿನಿಂದ ಅವಳ ಕೈ ಮುರಿಯಿತು. ಅವಳಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ. ಕೊನೆಗೆ, "ನಿಮಗ ಸೈಕಲ್ ಬರ್ತದೇನ್ರಿ?" ಎಂದರು.

"ಇಲ್ಲ."

"ಬರಲ್ದೇ ಕಲಿಸ್ಲತ್ತಿದ್ರೇನು?" ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟರು. ಅಪ್ಪ ನಗಲಿಲ್ಲ. "ಮೊದ್ಲ ನೀವು ಕಲೀರಿ. ಆಮ್ಯಾಲ ನೋಡೋಣ" ಎಂದರು. ಸೋಮವಾರ ಹುಡುಗಿ ಕೈಗೆ ಜೋಳಿಗೆ ಕಟ್ಟಿಕೊಂಡು ತರಗತಿಗೆ ಬಂದಳು.

ಹೀಗೆ 49ನೆಯ ವಯಸ್ಸಿನಲ್ಲಿ ನಾನು ಸೈಕಲ್ ಕಲಿತೆ. ಕಲಿಸಿದವಳು ಅವಳೇ. ಪ್ಲಾಸ್ಟರ್ ಹಾಕಿದ ಕೈ ಎದೆಗೆ ಕಟ್ಟಿಕೊಂಡು ಇನ್ನೊಂದು ಕೈಯಲ್ಲಿ ಕ್ಯಾರಿಯರ್ ಹಿಡಿದು ಶಾಲೆಯ ಬಯಲಲ್ಲಿ ನನ್ನ ಹಿಂದೆ ಓಡುತ್ತಿದ್ದಳು. "ಕೆಳಗ ನೋಡಬ್ಯಾಡ್ರಿ ಟೀಚರ್, ಮುಂದ ನೋಡ್ರಿ" ಎಂದು ನನ್ನದೇ ಗತ್ತಿನಲ್ಲಿ ಗದರುತ್ತಿದ್ದಳು. ಸೀರೆಯ ನೆರಿಗೆ ಚೈನಿಗೆ ಸಿಕ್ಕಿ ಎರಡು ಸೀರೆ ಹಾಳಾದವು, ಆಮೇಲೆ ಚೂಡಿದಾರ ಹಾಕಿಕೊಂಡೆ. ಊರಿನ ಕೆಲವರು ಕಾಂಪೌಂಡಿನ ಮೇಲೆ ಕುಳಿತು ನೋಡುತ್ತಿದ್ದರು. ಮೊದಲ ವಾರ ನಾಚಿಕೆಯಾಯಿತು, ಎರಡನೆಯ ವಾರಕ್ಕೆ ಅವರಿಗೇ ಬೇಸರವಾಯಿತು.

2019ರ ಜನವರಿ 26ರಂದು ಧ್ವಜಾರೋಹಣವಾದ ಮೇಲೆ ದಿಬ್ಬದ ಮೇಲೆ ನಾವೇ ಒಂದು ಪಂದ್ಯ ಇಟ್ಟುಕೊಂಡೆವು. ಮೊದಲು ನಾನು ಇಳಿದೆ, ಕಡಿದಾದ ಬದಿಯಿಂದಲ್ಲ, ಸುತ್ತಿನ ದಾರಿಯಿಂದ. ಅಷ್ಟು ಸಣ್ಣ ದಿಬ್ಬದ ಮೇಲಿಂದ ನೆಲ ಅಷ್ಟು ವೇಗವಾಗಿ ಮೇಲೆ ಬರುತ್ತದೆಂದು ಕೆಳಗೆ ನಿಂತು ನೋಡುವವರಿಗೆ ಗೊತ್ತಾಗುವುದೇ ಇಲ್ಲ. ಹುಡುಗಿಗೆ ಕೈ ಇನ್ನೂ ಗಟ್ಟಿಯಾಗಿರಲಿಲ್ಲ, ಫೋನ್ ಹಿಡಿದು ಸಮಯ ನೋಡುವ ಕೆಲಸ ಕೊಟ್ಟಿದ್ದೆ. ಅವಳಪ್ಪ ಬಂದು ಇಳಿಜಾರಿನ ಬುಡದಲ್ಲಿ ಕಲ್ಲು ಆಯ್ದುಹಾಕುತ್ತಿದ್ದರು.

2020ರಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿತು. ಆ ವರ್ಷ ಸೈಕಲ್ಲುಗಳೂ ಬರಲಿಲ್ಲ. ತಂಡ ಚದುರಿತು. ಹುಡುಗಿ ಪಿ.ಯು.ಗೆ ಅದೇ ಸೈಕಲ್ ತುಳಿದು ಹೋದಳು. 2022ರಲ್ಲಿ ಗದಗಿನಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಪಂದ್ಯ ನಡೆದಾಗ ಫೋನ್ ಮಾಡಿ, "ನಮ್ಮ ರಾಜ್ಯದಾಗೇ ಟೀಚರ್! ಪೇಪರ್ ನೋಡಿದ್ರೇನು?" ಎಂದು ಕೂಗಿದಳು. ನೋಡಿದ್ದೆ, ಕತ್ತರಿಸಿಯೂ ಇಟ್ಟಿದ್ದೆ.

ಆ ಎರಡು ಹೆಲ್ಮೆಟ್ ಈಗಲೂ ಸ್ಟಾಫ್ ರೂಮಿನ ಅಲ್ಮೇರಾದಲ್ಲಿವೆ. ಈ ಜೂನ್‌ನಲ್ಲಿ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ಭೂಪಟ ಒಯ್ಯಲು ಬಂದವರು, ಇವು ಯಾರವು ಎಂದು ಕೇಳಿದರು. ಶನಿವಾರ ಶಾಲೆ ಬಿಟ್ಟ ಮೇಲೆ ದಿಬ್ಬದ ಹತ್ತಿರ ಬನ್ನಿ ಎಂದಿದ್ದೇನೆ. ಅವರಲ್ಲಿ ಸೈಕಲ್ ಇಲ್ಲ, ನನ್ನದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಬೇಕು.