ಶರಾವತಿ ದಾಟಿದ ಎರಡು ಸಲ

ನಮ್ಮ ರಾಂಪುರದ ಮಕ್ಕಳಿಗೆ ದೋಣಿ ಎಂದರೆ ಪುಸ್ತಕದ ಚಿತ್ರ. ಮಳೆ ಕಮ್ಮಿ, ಹೊಲದಲ್ಲಿ ಶೇಂಗಾ, ಹಳ್ಳದಲ್ಲಿ ವರ್ಷದ ಬಹುಪಾಲು ಮರಳು. ಅಂಥ ಊರಿನಿಂದ ಕೆಲವು ವರ್ಷಗಳ ಹಿಂದೆ ಹಿರಿಯ ಮೊಮ್ಮಗನನ್ನು ಸಿಗಂದೂರಿಗೆ ಕರೆದುಕೊಂಡು ಹೋಗಿದ್ದೆ. ಚಳ್ಳಕೆರೆ, ಚಿತ್ರದುರ್ಗ, ಶಿವಮೊಗ್ಗ, ಸಾಗರ ದಾಟಿ ಅಂಬಾರಗೋಡ್ಲು ಮುಟ್ಟಿದಾಗ ಎದುರಿಗೆ ಸಮುದ್ರದಂಥ ನೀರು. ಅಲ್ಲಿಗೆ ರಸ್ತೆಯೇ ಮುಗಿದಿತ್ತು!

"ತಾತ, ಬಸ್ಸು ಈಗ ಹೆಂಗ್ ಹೋಗ್ತದೆ?"

"ಬಸ್ಸೇ ದೋಣಿ ಹತ್ತುತ್ತೆ ನೋಡು" ಅಂದೆ. ಅವನು ನಂಬಲಿಲ್ಲ.

ಲಾಂಚ್ ಬಂತು. ಸಹಾಯಕರು ಕೈಸನ್ನೆ ಮಾಡುತ್ತಿದ್ದಂತೆ ಬಸ್ಸು, ಎರಡು ಕಾರು, ಬೈಕುಗಳು ಇಂಚಿಂಚಾಗಿ ಮೇಲೇರಿದವು. ಉಳಿದ ಜಾಗದಲ್ಲಿ ನಾವೆಲ್ಲ ನಿಂತೆವು. ತಳದಲ್ಲಿ ಎಂಜಿನ್ ಗುಡುಗುಡು ಎನ್ನುತ್ತಿತ್ತು. ಮೊಮ್ಮಗ ದಡ ಸೇರುವವರೆಗೂ ಕಂಬಿ ಬಿಡಲಿಲ್ಲ. ಹುರಿದ ಶೇಂಗಾ ಕೊಟ್ಟರೂ ಬೇಡವೆಂದ!

ಮಕ್ಕಳೇ, ಈ ನೀರು ಮೊದಲಿನಿಂದ ಇದ್ದದ್ದಲ್ಲ. ವಿದ್ಯುತ್ತಿಗಾಗಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಊರು, ಗದ್ದೆ, ತೋಟಗಳು ಮುಳುಗಿದವು. 1948ರ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ತುಮರಿ ಕಡೆಯ ಹಳ್ಳಿಗಳು ಆಚೆ ದಡದಲ್ಲಿ ಉಳಿದವು. ನಮಗೆ ಲಾಂಚ್ ಎಂದರೆ ಮೋಜು. ಅವರಿಗೆ ಅದೇ ಆಸ್ಪತ್ರೆಯ ದಾರಿ, ಕಾಲೇಜಿನ ದಾರಿ. ಅಂದು ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಹೇಳಿದ್ದರು: "ಕತ್ತಲಾದ್ಮೇಲೆ ಲಾಂಚ್ ಇಲ್ಲ ಮಾರಾಯ್ರೆ. ರಾತ್ರಿ ಹೆರಿಗೆ ನೋವು ಬಂದ್ರೆ ಕಾಡು ಸುತ್ತಿ ಹೋಗ್ಬೇಕು." ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸಲೂ ಆಗುತ್ತಿರಲಿಲ್ಲ.

ಬೇರೆ ದೇಶಗಳಲ್ಲಿ ಕಾರು ಸಾಗಿಸುವ ಹಡಗು ಹಳತಾದರೆ ಸಾಮಾನ್ಯವಾಗಿ ಹೊಸ ಹಡಗು ತರುತ್ತಾರೆ. ಇಲ್ಲಿಯ ಜನ ಮಾತ್ರ ದಶಕಗಳ ಕಾಲ ಕೇಳಿದ್ದು ಸೇತುವೆಯನ್ನು. ಅದು ಸರಿಯೇ. ಎಷ್ಟು ಹೊಸ ಲಾಂಚ್ ತಂದರೂ ರಾತ್ರಿಯ ಕಾಯಿಲೆ ಬೆಳಗಿನವರೆಗೆ ಕಾಯುತ್ತದೆಯೇ?

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ 2 ಕಿಲೋಮೀಟರಿಗೂ ಹೆಚ್ಚು ಉದ್ದ. ನಡುವಿನ ಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ದಪ್ಪ ಕೇಬಲ್‌ಗಳು ಹಿಡಿದಿವೆ.

ದಸರಾ ರಜೆಯಲ್ಲಿ ಕಿರಿಯ ಮೊಮ್ಮಗಳೊಂದಿಗೆ ಮತ್ತೆ ಹೋದೆ. ಅಣ್ಣನ ಲಾಂಚ್ ಕತೆಯನ್ನು ನೂರು ಸಲ ಕೇಳಿದ್ದಳು. ನಮ್ಮ ಕಾರು ಕೆಲವೇ ನಿಮಿಷಗಳಲ್ಲಿ ಆಚೆ ದಡದಲ್ಲಿತ್ತು.

"ಇಷ್ಟೇನಾ?" ಎಂದು ಮುಖ ಊದಿಸಿದಳು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಅಷ್ಟರಲ್ಲಿ ಎದುರಿನಿಂದ ಒಂದು ಆಂಬುಲೆನ್ಸ್ ಸೈರನ್ ಹಾಕಿಕೊಂಡು ಬಂದು, ನಿಲ್ಲದೆ ಸೇತುವೆ ಹತ್ತಿ ಸಾಗರದ ಕಡೆ ಹೋಯಿತು. ಅವಳು ಅದು ಕಾಣದಾಗುವವರೆಗೂ ನೋಡಿದಳು.

ಬರುವಾಗ ಹಳೆಯ ಲಾಂಚ್ ಕಟ್ಟೆ ತೋರಿಸಲು ಅವಳನ್ನು ಕೆಳಗೆ ಕರೆದೊಯ್ದೆ. ಡಾಂಬರು ರಸ್ತೆ ಇಳಿಯುತ್ತ ಇಳಿಯುತ್ತ ನೀರೊಳಗೆ ಸೇರಿತ್ತು.

"ತಾತ, ಈ ರಸ್ತೆ ಒಳಗೂ ಐತಾ?"

"ಐತೆ. ಮೊದಲು ಜನ ಅದರ ಮೇಲೇ ನಡ್ಕೊಂಡು ಹೋಗ್ತಿದ್ರು" ಅಂದೆ. ಅವಳು ಚಪ್ಪಲಿ ಬಿಟ್ಟು, ನೀರಿನಂಚಿನಲ್ಲಿ ಒಂದೇ ಒಂದು ಹೆಜ್ಜೆ ಇಟ್ಟು ನೋಡಿದಳು.