ಬಿದ್ದ ಮನೆ ನೂರಕ್ಕೆ ಎಷ್ಟು?

ಮಣ್ಣಿನ ಮಾಳಿಗೆ ಮನೆ ಮಳೆ ಸುರಿಯುವಾಗಲೇ ಬೀಳಬೇಕೆಂದಿಲ್ಲ. ಮಳೆ ನಿಂತು, ಒಂದಿಷ್ಟು ಬಿಸಿಲು ಬಿದ್ದು, ಈ ವರ್ಷ ಪಾರಾದೆವು ಎಂದುಕೊಳ್ಳುವ ಹೊತ್ತಿಗೂ ಬೀಳುತ್ತದೆ. 2022ರ ಮಳೆಗಾಲದಲ್ಲಿ ಔರಾದ್ ತಾಲ್ಲೂಕಿನ ನಮ್ಮ ಊರಲ್ಲಿ ಕಾಕಾನ ಮನೆ ಬಿದ್ದದ್ದು ಹೀಗೆಯೇ. ಬೆಳಗಿನ ಜಾವ ಎಮ್ಮೆಗೆ ಮೇವು ಹಾಕಲು ಎದ್ದ ಆಯಿಗೆ, ಅಂದರೆ ನನ್ನ ಅಜ್ಜಿಗೆ, ಗೋಡೆಯೊಳಗಿಂದ ಮಣ್ಣು ಉದುರುವ ಸಪ್ಪಳ ಕೇಳಿತಂತೆ. "ಏಳ್ರೋ, ಹೊರಗ ನಡೀರಿ" ಅಂತ ಕಾಕಾ, ಕಾಕಿ, ಮಕ್ಕಳನ್ನೆಲ್ಲ ಅಂಗಳಕ್ಕೆ ಎಳೆದಳು. ಹಿಂದಿನ ಗೋಡೆ ಕುಸಿದು, ತೊಲೆ ಜಾರಿ, ಮಾಳಿಗೆಯ ಮೇಲಿನ ಮಣ್ಣೆಲ್ಲ ಅಡುಗೆಮನೆಯೊಳಗೆ ಬಂದು ಕೂತಿತು.

ಆಯಿಯ ಕಿವಿ ಅಷ್ಟು ಚುರುಕಾದದ್ದು ಕಿಲ್ಲಾರಿಯ ಭೂಕಂಪದ ಕಾಲಕ್ಕೆ. ಕಿಲ್ಲಾರಿ ಇರುವ ಲಾತೂರ್ ನಮಗೆ ಪಕ್ಕದ ಜಿಲ್ಲೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆ ಭೂಕಂಪದಲ್ಲಿ ಸತ್ತ ಹತ್ತಿರ ಹತ್ತಿರ ಹತ್ತು ಸಾವಿರ ಜನರಲ್ಲಿ ಬಹಳಷ್ಟು ಮಂದಿ ಇಂಥದೇ ಕಲ್ಲುಮಣ್ಣಿನ ಗೋಡೆ, ಇಂಥದೇ ಭಾರದ ಮಾಳಿಗೆಯಡಿ ಸಿಕ್ಕವರು. ಆಮೇಲೆ ಎಷ್ಟೋ ಕಾಲ ಆಯಿ ಮನೆಯೊಳಗೆ ಮಲಗಿರಲೇ ಇಲ್ಲ. ಮನೆ ಕೆಡವಿ ಹಗುರವಾಗಿ ತಗಡಿನ ಪತ್ರಾ ಹಾಕೋಣ ಎಂದು ಅಜ್ಜನಿಗೆ ಹೇಳಿ ಹೇಳಿ ಸೋತಿದ್ದಳು. ಅಜ್ಜನಿಗೆ ಮಾಳಿಗೆ ಎಂದರೆ ಮರ್ಯಾದೆ.

ಕಾಕಾನ ಮನೆ ಬಿದ್ದ ದಿನ ಮಧ್ಯಾಹ್ನವೇ ಗ್ರಾಮ ಲೆಕ್ಕಾಧಿಕಾರಿ ಬಂದು ಫೋಟೋ ತೆಗೆದು, ಪಂಚನಾಮೆ ಬರೆದು, ಕಾಕಾನ ಆಧಾರ್, ರೇಶನ್ ಕಾರ್ಡು, ಪಾಸ್‌ಬುಕ್ಕಿನ ಝೆರಾಕ್ಸ್ ಕೇಳಿದರು. ಕಾಗದಗಳಿದ್ದ ಟ್ರಂಕು ಮಣ್ಣಿನಡಿ ಇತ್ತು. ಅದನ್ನು ಅಗೆದು ತೆಗೆದಾಗ ರೇಶನ್ ಕಾರ್ಡು ತೊಯ್ದಿತ್ತು, ಆದರೂ ಓದಲು ಬರುತ್ತಿತ್ತು. ಆ ರಾತ್ರಿ ಎಲ್ಲರೂ ಸರ್ಕಾರಿ ಶಾಲೆಯಲ್ಲಿ ಮಲಗಿದರು. ಹೆಡ್‌ಮಾಸ್ತರರು ಒಳ್ಳೆಯವರು, ಬಿಸಿಯೂಟದ ಒಲೆಯಲ್ಲೇ ಅಡುಗೆ ಮಾಡಿಕೊಳ್ಳಲು ಬಿಟ್ಟರು. ಆದರೆ ಸೋಮವಾರ ಶಾಲೆ ನಡೆಯಬೇಕಲ್ಲ. ಅಲ್ಲಿಂದ ಸಮುದಾಯ ಭವನಕ್ಕೆ ಹೋದರು. ಅಲ್ಲೂ ಯಾರದೋ ಕುಬಸದ ಕಾರ್ಯ ನಿಗದಿಯಾಗಿತ್ತು.

ಆಗ ಮನೆ ಬಿದ್ದವರಿಗೆ ಸರ್ಕಾರದ ಪರಿಹಾರದ ಲೆಕ್ಕ ಹೀಗಿತ್ತು: ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಬಿದ್ದಿದ್ದರೆ 'ಎ', 5 ಲಕ್ಷ ರೂಪಾಯಿ. ಇಪ್ಪತ್ತೈದರಿಂದ ಎಪ್ಪತ್ತೈದರವರೆಗೆ 'ಬಿ', 3 ಲಕ್ಷ. ಹದಿನೈದರಿಂದ ಇಪ್ಪತ್ತೈದಾದರೆ 'ಸಿ', 50,000. ಅಂದರೆ ಇಪ್ಪತ್ನಾಲ್ಕಕ್ಕೂ ಇಪ್ಪತ್ತಾರಕ್ಕೂ ನಡುವೆ ಎರಡೂವರೆ ಲಕ್ಷದ ಅಂತರ. ಅಳೆಯಲು ಬಂದ ಇಂಜಿನಿಯರ್ ತೀರಾ ಎಳೆಯ ಹುಡುಗ. ಟೇಪು ಹಿಡಿದು ಸುತ್ತು ಹಾಕಿ 'ಸಿ' ಎಂದು ಬರೆದುಕೊಂಡ. ಮುಂದಿನ ಎರಡು ಗೋಡೆ ಇನ್ನೂ ನಿಂತಿದ್ದವಲ್ಲ! ಕಾಕಾ ಕೇಳಿದ, "ಸಾಹೇಬ್ರ, ಒಂದ್ ಗೋಡಿ ಬಿದ್ದ ಮ್ಯಾಲ ಉಳಿದ ಮನ್ಯಾಗ ಯಾರ್ ಮಲಗ್ತಾರ್ರೀ?" ಹುಡುಗನ ಬಳಿ ಉತ್ತರವಿರಲಿಲ್ಲ, ಅವನ ಫಾರ್ಮಿನಲ್ಲಿ ಆ ಪ್ರಶ್ನೆಗೆ ಜಾಗವೂ ಇರಲಿಲ್ಲ. ಅವನ ತಪ್ಪೆಂದು ನನಗನಿಸುವುದಿಲ್ಲ. ಅವನಿಗೆ ಅಳೆಯಲು ಹೇಳಿದ್ದು ಗೋಡೆಯನ್ನು.

ಕಾಕಾನ ಮಗಳು ಬೀದರಿನಲ್ಲಿ ಪಿಯುಸಿ ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ಅವಳದೊಂದು ಚಿಂತೆ ಇರಲಿಲ್ಲ. ಉಳಿದವರಿಗೆ ಕಾಕಿಯ ಅಣ್ಣ ಭಾಲ್ಕಿಯಲ್ಲಿ ರೈಲ್ವೆ ಸ್ಟೇಷನ್ ಕಡೆ ಒಂದು ಖೋಲಿ ನೋಡಿಕೊಟ್ಟ. ಔರಾದಿಗೆ ರೈಲಿಲ್ಲ, ಹಮಾಲಿ ಕೆಲಸವೂ ಅಷ್ಟಕ್ಕಷ್ಟೆ. ಭಾಲ್ಕಿಯಲ್ಲಾದರೆ ಚೀಲ ಹೊತ್ತು ದಿನದ ಖರ್ಚು ನಡೆಸಬಹುದು ಎಂಬ ಲೆಕ್ಕ. ಡಿಪಾಜಿಟ್ಟಿಗೆ ಕಾಕಿಯ ಬೆಂಡೋಲೆ ಅಡವು ಬಿತ್ತು. ಆಯಿ ಮಾತ್ರ ಬರಲಿಲ್ಲ. "ಎಮ್ಮಿ ಯಾರ ನೋಡ್ಬೇಕು? ನೀವು ಹೋಗ್ರಿ" ಎಂದು ಬಿದ್ದ ಮನೆಯ ಪಕ್ಕ ನಾಲ್ಕು ಬಿದಿರು ನೆಟ್ಟು, ಮೇಲೆ ಹಳೆಯ ಪತ್ರಾ ಹೊದಿಸಿ ಅಲ್ಲೇ ಕೂತಳು.

ಬಾಡಿಗೆ ಕಟ್ಟಲು ಸರ್ಕಾರದಿಂದ ಏನಾದರೂ ಸಿಗುತ್ತದೆಯೇ ಎಂದು ಕೇಳಲು ಕಾಕಾನೊಂದಿಗೆ ನಾನೂ ಬೀದರಿನ ಸರ್ಕಾರಿ ಕಚೇರಿಗೆ ಹೋದೆ. ಯಾರೋ ಹೇಳಿದ್ದರು: 2019ರಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿ ಬೆಳಗಾವಿ ಕಡೆ ಊರೂರು ಮುಳುಗಿದಾಗ, ಮನೆ ಕಳೆದುಕೊಂಡವರಿಗೆ ತಿಂಗಳಿಗೆ 5,000 ರೂಪಾಯಿ ಬಾಡಿಗೆ ಕೊಡುವುದಾಗಿ ಸರ್ಕಾರ ಘೋಷಿಸಿತ್ತು. ಆ ಪೇಪರ್ ಕಟಿಂಗನ್ನೇ ಕಾಕಾ ಕಿಸೆಯಲ್ಲಿಟ್ಟುಕೊಂಡಿದ್ದ. ಕಚೇರಿಯ ಹಿರಿಯ ಗುಮಾಸ್ತರು ಕನ್ನಡಕ ಏರಿಸಿ ಪೂರ್ತಿ ಓದಿದರು. "ಇದು ಆ ವರ್ಷದ್ದು, ಆ ನೆರಿದ್ದು ಅದ ರೀ ಕಾಕಾ. ಬಾಡಗಿ ಕೇಳ್ಲಿಕ್ಕೆ ನಮ್ ಬಲ್ಲಿ ಅರ್ಜೀನೇ ಇಲ್ಲ" ಎಂದು ಮಡಚಿ ವಾಪಸು ಕೊಟ್ಟರು. ಚಹಾ ಕುಡಿಸಿಯೇ ಕಳಿಸಿದರು. ಮನೆ ಕಟ್ಟಲು ಬಸವ ವಸತಿ ಇದೆ, ಅಂಬೇಡ್ಕರ್ ನಿವಾಸ ಇದೆ, ಪ್ರಧಾನಮಂತ್ರಿ ಆವಾಸ್ ಇದೆ. ಗ್ರಾಮಸಭೆಯ ಪಟ್ಟಿ, ಪಾಳಿ ಎಲ್ಲ ದಾಟಿ ಬಂದರೆ ಮನೆಯೂ ಆಗುತ್ತದೆ. ಗೋಡೆ ಬಿದ್ದ ದಿನದಿಂದ ಹೊಸ ಗೋಡೆ ಏಳುವ ದಿನದವರೆಗೆ ಎಲ್ಲಿರಬೇಕು ಎಂಬುದು ಮಾತ್ರ ಬೀಗರು ಬಿಜ್ಜರಿಗೆ ಬಿಟ್ಟ ವಿಷಯ. ಬಡವರಿಗೆ ಅಷ್ಟು ದೊಡ್ಡ ಮನೆಯ ಬೀಗರು ಇರುತ್ತಾರೆಂದು ಯಾರು ಅಂದುಕೊಂಡರೋ!

ಆ ಹೊತ್ತಿಗೆ ಊರಲ್ಲಿ ಇನ್ನೊಂದು ಮಳೆ ಹೊಡೆದು, ನಿಂತಿದ್ದ ಗೋಡೆಯೂ ಕೂತಿತ್ತು. ಮರುಸರ್ವೆಗೆ ಅರ್ಜಿ ಕೊಟ್ಟೆವು. ಈಗ ಹೊಸ ಗಂಟು: ಪಂಚಾಯಿತಿ ದಾಖಲೆಯಲ್ಲಿ ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿತ್ತು. ನಾಡಕಚೇರಿಯಿಂದ ವಂಶಾವಳಿ ತರಬೇಕು, ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಹೈದರಾಬಾದಿನಲ್ಲಿ ಗಾರೆ ಕೆಲಸಕ್ಕೆ ಹೋದ ಸಣ್ಣ ಕಾಕಾ ಒಂದು ದಿನದ ಪಗಾರ ಬಿಟ್ಟು ಬಂದು ಛಾಪಾ ಕಾಗದದ ಮೇಲೆ ಸಹಿ ಹಾಕಿದ. ಸಹಿ ಹಾಕುವ ಮುಂಚೆ ಒಂದು ಜಗಳವೂ ಆಯಿತು, ಅದು ಇಲ್ಲಿ ಬೇಡ.

ಅಷ್ಟರಲ್ಲಿ ಯಾರೋ ತಕರಾರು ಎತ್ತಿದರು: ಇವರು ಭಾಲ್ಕಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ, ಊರಲ್ಲಿ ವಾಸವೇ ಇಲ್ಲ, ಇವರಿಗೇಕೆ ಪರಿಹಾರ? ಎಲ್ಲೂ ಜಾಗವಿಲ್ಲದೆ ಊರು ಬಿಟ್ಟದ್ದೇ ಅವರ ವಿರುದ್ಧ ಸಾಕ್ಷಿಯಾಯಿತು. ಕಾಕಾ ಭಾಲ್ಕಿಯಿಂದ ಬಂದು ತಲುಪುವ ಮುಂಚೆಯೇ ತನಿಖೆಗೆ ಜನ ಬಂದುಬಿಟ್ಟರು. ಅವರಿಗೆ ಸಿಕ್ಕವಳು ಆಯಿ, ಪತ್ರಾದಡಿ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. "ಈ ಮನ್ಯಾಗ ಯಾರಿರ್ತಾರ?" ಎಂದರು. "ಮನಿ ಎಲ್ಲದ ತೋರ್ಸ್ರಿ, ಆಮ್ಯಾಲ ಯಾರಿರ್ತಾರ ಹೇಳ್ತೀನಿ" ಎಂದಳಂತೆ. ಅವರು ನಕ್ಕು, ಆಯಿಯನ್ನೂ ಎಮ್ಮೆಯನ್ನೂ ಸೇರಿಸಿಯೇ ಫೋಟೋ ತೆಗೆದುಕೊಂಡು ಹೋದರು.

ಮರುಸರ್ವೆಯಲ್ಲಿ 'ಸಿ' ಇದ್ದದ್ದು 'ಬಿ' ಆಯಿತು. ಹಣ ಒಮ್ಮೆಲೇ ಬರುತ್ತಿರಲಿಲ್ಲ. ಪಾಯ, ಗೋಡೆ, ಛಾವಣಿ ಎಂದು ಹಂತ ಹಂತಕ್ಕೆ ಮೊಬೈಲಿನಲ್ಲಿ ಜಾಗದ ಗುರುತು ಸಮೇತ ಫೋಟೋ ಏರಿಸಬೇಕಿತ್ತು, ಅದು ಒಪ್ಪಿಗೆಯಾದ ಮೇಲೆ ಖಾತೆಗೆ ಬೀಳುತ್ತಿತ್ತು. ಪಾಯದ ಕಂತು ಬರುವಷ್ಟರಲ್ಲಿ ಭಾಲ್ಕಿಯ ಬಾಡಿಗೆ ಬಾಕಿ ಬಿದ್ದಿತ್ತು. ಬಂದ ಕಂತಿನಲ್ಲಿ ಮೊದಲು ಬಾಡಿಗೆ ತೀರಿಸಿದ ಕಾಕಾನನ್ನು ಊರಲ್ಲಿ ಕೆಲವರು ಬೈದರು, ಮನೆಯ ದುಡ್ಡು ತಿಂದ ಎಂದು. ನನಗೇನೋ ಅದು ಮನೆಗೇ ಖರ್ಚಾಯಿತು ಅನಿಸಿತು.

ಗೋಡೆ ಎದ್ದ ಮೇಲೆ ಛಾವಣಿಯ ಮಾತು ಬಂತು. ಕಾಕಾನಿಗೆ ಸ್ಲ್ಯಾಬು ಹಾಕಿಸುವ ಆಸೆ, ಸಾಲ ಎತ್ತಲೂ ತಯಾರಾಗಿದ್ದ. ಆಯಿ ಈ ಸಲ ಸೋಲಲಿಲ್ಲ. ಬೀದರಿನಿಂದ ಟೆಂಪೋದಲ್ಲಿ ಹೊಸ ಪತ್ರಾ ಬಂತು, ಕಾಕಿಯ ಬೆಂಡೋಲೆ ಮಾತ್ರ ಇನ್ನೊಂದು ಸುಗ್ಗಿಯವರೆಗೆ ಅಡವಿನಲ್ಲೇ ಉಳಿಯಿತು.