ಕೇಳದೆ ತೆಗೆದ ಪಟ

ಒಬ್ಬೊಬ್ಬರಿಗೆ ಒಂದೊಂದು ಚಟ. ನನ್ನ ತಂದೆಗೆ ನಶ್ಯ, ದೊಡ್ಡಪ್ಪನಿಗೆ ಇಸ್ಪೀಟು, ನನಗೆ ಕ್ಯಾಮೆರಾ. ಮೊದಲೆರಡರಿಂದ ಮನೆಯವರಿಗಷ್ಟೇ ತೊಂದರೆ. ಮೂರನೆಯದಕ್ಕೆ ಊರವರೆಲ್ಲ ಬೇಕು. ಈ ವ್ಯತ್ಯಾಸ ನನಗೆ ಹೊಳೆಯುವುದಕ್ಕೆ ಬಹಳ ವರ್ಷ ಹಿಡಿಯಿತು.

ಬೆಂಗಳೂರಿನಲ್ಲಿ ನೌಕರಿ ಮಾಡಿಕೊಂಡಿದ್ದರೂ ವರ್ಷಕ್ಕೊಮ್ಮೆ ನಾನು ಮಲೆನಾಡಿಗೆ ಹೋಗಿಬರುವವನು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ಕಡೆಯೂ ನೆಂಟರುಂಟು. ಆದ್ದರಿಂದ ಊಟಕ್ಕೂ ವಸತಿಗೂ ಚಿಂತೆಯಿಲ್ಲ. ಇಕ್ಕೇರಿಯ ಅಘೋರೇಶ್ವರನ ಗುಡಿ, ನಗರದ ಕೋಟೆ, ತುಂಗೆಯ ಬಂಡೆ ಇವನ್ನೆಲ್ಲ ತೆಗೆದು ತೆಗೆದು ಬೇಸರವಾಗಿ ಕಡೆಗೆ ಮನುಷ್ಯರ ಮುಖಕ್ಕೆ ಬಂದೆ. ಆದರೆ ಮನುಷ್ಯ ಕಲ್ಲಿನಂತಲ್ಲ. ಕ್ಯಾಮೆರಾ ಕಂಡೊಡನೆ ಬಟ್ಟೆ ಸರಿಮಾಡಿಕೊಂಡು, ಎದೆ ಸೆಟೆಸಿ, ಸ್ಟುಡಿಯೋದ ಬೊಂಬೆಯಾಗಿಬಿಡುತ್ತಾನೆ. ಅವನಿಗೆ ತಿಳಿಯದ ಹಾಗೆ ತೆಗೆದರೆ ಮಾತ್ರ ಸತ್ಯ ಸಿಕ್ಕೀತು ಎಂಬುದು ಪಟ ತೆಗೆಯುವ ನಮ್ಮ ಪಂಗಡದ ಸಿದ್ಧಾಂತ. ನಾನೂ ಅದನ್ನು ನಿಷ್ಠೆಯಿಂದ ಪಾಲಿಸಿದೆ.

2019ರ ಬೇಸಿಗೆ. ಅಂಬಾರಗೋಡ್ಲಿನಲ್ಲಿ ಲಾಂಚು ಹತ್ತಿದ್ದೆ. ಶರಾವತಿಯ ಹಿನ್ನೀರು ದಾಟಿ ಸಿಗಂದೂರಿನ ಕಡೆಗೆ ಹೋಗಲು ಆಗ ಅದೇ ಗತಿ. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಲಾಂಚಿನ ಅಂಚಿನಲ್ಲಿ, ಕಂಬಿಗೆ ಒರಗಿ, ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ ನಿಂತಿದ್ದರು. ಕಾಲ ಬಳಿ ಒಂದು ಕೈಚೀಲ, ತಲೆಯ ಮೇಲೆ ಸೆರಗು, ಗಾಳಿಗೆ ಹಾರುವ ನಾಲ್ಕು ಬಿಳಿ ಕೂದಲು. ಅವರ ಕಣ್ಣು ನೀರಿನ ಮೇಲೆ ಎಲ್ಲೋ ನೆಟ್ಟಿತ್ತು. ನಾನು ಬಸ್ಸಿನ ಮರೆಯಲ್ಲಿ ನಿಂತು ಕ್ಲಿಕ್ಕಿಸಿದೆ. ಅವರಿಗೆ ತಿಳಿಯಲಿಲ್ಲ.

ಪಟ ಚೆನ್ನಾಗಿ ಬಂತು. ಬಲಗಡೆ ಒಂದು ಗುಡ್ಡ ಅಡ್ಡಬಂದಿತ್ತು, ಅದನ್ನು ಕತ್ತರಿಸಿದೆ. ‘ಕಾಯುವಿಕೆ’ ಎಂದು ಹೆಸರಿಟ್ಟೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಬರೆದು ವಾಟ್ಸಾಪಿನಲ್ಲಿ ಸ್ನೇಹಿತರಿಗೆಲ್ಲ ಕಳಿಸಿದೆ. ಅವರು ಹೊಗಳಿದರು, ನಾನು ಉಬ್ಬಿದೆ.

ಮೂರು ವರ್ಷದ ಮೇಲೆ ಹೊಸನಗರದಲ್ಲಿ ನೆಂಟರ ಮನೆಯ ಮದುವೆ. ಊಟ ಮುಗಿಸಿ ಎಲೆಯಡಿಕೆ ಹಾಕುತ್ತಿದ್ದಾಗ ಬಡಿಸಲು ಬಂದಿದ್ದ ಹುಡುಗನೊಬ್ಬ ಹತ್ತಿರ ಬಂದ.

“ಸಾರ್, ಲಾಂಚಿನ ಅಜ್ಜಿ ಪಟ ತೆಗೆದೋರು ನೀವೇ ಅಂತೆ?”

“ಹೌದಪ್ಪ” ಎಂದೆ, ಹೊಗಳಿಕೆಗೆ ಸಿದ್ಧನಾಗಿ.

“ಅವರು ನಮ್ಮಜ್ಜಿ.”

ಆಮೇಲೆ ಅವನು ಹೇಳಿದ್ದು ಇಷ್ಟು. ಪಟ ಫೋನಿನಿಂದ ಫೋನಿಗೆ ಹೋಗುವಾಗ ಯಾರೋ ಪುಣ್ಯಾತ್ಮರು ‘ಕಾಯುವಿಕೆ’ಯನ್ನು ತೆಗೆದು ‘ಮಕ್ಕಳು ಬೀದಿಗೆ ತಳ್ಳಿದ ತಾಯಿ’ ಎಂದು ಬರೆದಿದ್ದರು. ಅದು ಸುತ್ತಿ ಸುತ್ತಿ ಅವರ ಊರಿಗೇ ಬಂತು. ನೆಂಟರು ಫೋನು ಮಾಡಿ ಅವನ ಅಪ್ಪನಿಗೆ ಛೀಮಾರಿ ಹಾಕಿದರು. ಸೊಸೆಯಂತೂ ಒಂದು ವರ್ಷ ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ಅಜ್ಜಿ ಅಂದು ಹೊರಟಿದ್ದದ್ದು ಮಗಳ ಬಾಣಂತನಕ್ಕಾಗಿ, ಆಚೆ ದಡಕ್ಕೆ. ಮಗನೇ ಲಾಂಚಿನವರೆಗೆ ಬಂದು ಬಿಟ್ಟುಹೋಗಿದ್ದ. ಹುಡುಗ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ನಿದ್ದೆ ಬರದೆ, ತಪ್ಪು ಮಾಡಿದವರೆಲ್ಲ ಮಾಡುವಂತೆ, ಕಾನೂನಿನ ಮೊರೆಹೊಕ್ಕೆ. ಬೀದಿಯಲ್ಲಿ ಕಂಡದ್ದನ್ನು ಪಟ ತೆಗೆಯಬಾರದೆಂದು ನಮ್ಮಲ್ಲಿ ಸಾಮಾನ್ಯವಾದ ನಿಷೇಧವೇನೂ ಇಲ್ಲ. ಹೆಂಗಸಿನ ಖಾಸಗಿ ಕ್ಷಣವನ್ನು ಕದ್ದು ಸೆರೆಹಿಡಿಯುವುದು 2013ರಿಂದ ಅಪರಾಧ. ಆದರೆ ಲಾಂಚಿನಲ್ಲಿ ನಿಲ್ಲುವುದು ಖಾಸಗಿ ಕ್ಷಣವಲ್ಲವಲ್ಲ! ಆಮೇಲೆ ಬಂದ 2023ರ ದತ್ತಾಂಶ ಕಾಯಿದೆಯೂ ಒಬ್ಬ ವ್ಯಕ್ತಿ ಸ್ವಂತಕ್ಕೆ, ಮನೆಬಳಕೆಗೆ ಇಟ್ಟುಕೊಂಡದ್ದರ ಗೊಡವೆಗೆ ಹೋಗುವುದಿಲ್ಲ. ಹಾಗಾದರೆ ನಾನು ಗೆದ್ದೆ ಎನ್ನುವಷ್ಟರಲ್ಲಿ ನಮ್ಮವರೇ ಒಬ್ಬರು ಅಡ್ಡ ಬಂದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಷಯವಾಗಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಮನುಷ್ಯ ಅದನ್ನು ಕಳೆದುಕೊಳ್ಳುವುದಿಲ್ಲ, ಅದು ಅವನ ಘನತೆಗೆ ಅಂಟಿಕೊಂಡು ಬರುತ್ತದೆ ಎಂಬ ಮಾತೂ ಆ ತೀರ್ಪಿನಲ್ಲುಂಟು. ಮನೆಯ ಹೊಸ್ತಿಲು ದಾಟಿದ ಅಜ್ಜಿ ತಮ್ಮ ಮುಖವನ್ನು ಊರಿಗೆ ಬರೆದುಕೊಟ್ಟು ಬಂದಿರಲಿಲ್ಲ ಎಂದಾಯಿತು.

ಈ ಜಗಳ ಹೊಸದೂ ಅಲ್ಲ. 1888ರಲ್ಲಿ ಕೋಡಕ್ ಕ್ಯಾಮೆರಾ ಬಂದ ಎರಡೇ ವರ್ಷಕ್ಕೆ ಅಮೆರಿಕದ ವಾರನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು, ದಿಢೀರ್ ಪಟಗಳ ಕಾಟವನ್ನೂ ಎತ್ತಿ ಹೇಳಿ, ಖಾಸಗಿತನದ ಹಕ್ಕಿನ ಮೇಲೆ ಲೇಖನ ಬರೆದಿದ್ದರು. 1936ರಲ್ಲಿ ಡೊರೊತಿಯ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ಲೋಕವೆಲ್ಲ ಸುತ್ತಿತು. ಆ ತಾಯಿಯ ಹೆಸರನ್ನು ಲ್ಯಾಂಗ್ ಕೇಳಿರಲಿಲ್ಲ. ನಲವತ್ತು ವರ್ಷ ಕಳೆದ ಮೇಲೆ ಪತ್ತೆಯಾದ ಫ್ಲಾರೆನ್ಸ್ ಥಾಂಪ್ಸನ್, ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದರಂತೆ. ಹಾಗೆಂದು ಅಂಥ ಚಿತ್ರಗಳೇ ಬೇಡವೆನ್ನಲು ನನಗೆ ಬಾಯಿ ಬಾರದು. ಆ ಚಿತ್ರದಿಂದ ಹಸಿದ ಕೂಲಿಗಳ ಕಡೆಗೆ ಸರ್ಕಾರದ ಕಣ್ಣು ಹೊರಳಿತು. ನನ್ನ ಪಟದಿಂದ ಯಾರ ಹೊಟ್ಟೆ ತುಂಬಿತು? ನನ್ನ ಅಹಂಕಾರದ್ದು ಮಾತ್ರ.

ಬೆಳಗ್ಗೆ ಎದ್ದು ಆ ಹುಡುಗನ ಬೈಕಿನ ಹಿಂದೆ ಕುಳಿತು ಅವನ ಊರಿಗೆ ಹೋದೆ. ಅಜ್ಜಿ ಜಗಲಿಯಲ್ಲಿದ್ದರು. ಸೊಸೆ ನೀರು ಬೆಲ್ಲ ತಂದಿಟ್ಟು, ಮಾತಾಡದೆ ಒಳಗೆ ಹೋದರು. ನಾನು ತಪ್ಪಾಯಿತೆಂದೆ.

“ಕೇಳಿದ್ರೆ ನಾನೆಂತ ಬ್ಯಾಡ ಅಂತಿದ್ನಾ? ತಲೆ ಬಾಚ್ಕಂಡು ನಿಂತಿರ್ತಿದ್ದೆ” ಎಂದರು ಅಜ್ಜಿ.

ನನ್ನ ಫೋನಿನಲ್ಲಿದ್ದ ಪಟವನ್ನು ಬಿಸಿಲಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಕಡೆಗೆ ಕೇಳಿದರು: “ಗುಡ್ಡ ಎಲ್ಲಿ ಹೋಯ್ತು?”

“ಯಾವ ಗುಡ್ಡ, ಅಮ್ಮ?”

“ಬಲಗಡೆ ಇತ್ತಲ್ಲ. ಅದರ ಬುಡದಾಗೆ ನಮ್ಮ ಅಪ್ಪನ ಮನೆ.”

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿದಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳು ತೋಟ ಗದ್ದೆ ದೇವಸ್ಥಾನ ಸಮೇತ ನೀರಿನಡಿ ಹೋದವು. ನಾಡಿಗೆ ದೀಪ ಬಂತು. ಅಜ್ಜಿ ಹತ್ತು ಹನ್ನೆರಡರ ಹುಡುಗಿಯಾಗಿ ಗಂಟುಮೂಟೆಯ ಜೊತೆ ಗಾಡಿ ಹತ್ತಿದರು. ಆ ಮನೆಯ ಗುರುತಿಗೆ ಉಳಿದದ್ದು ಗುಡ್ಡವೊಂದೇ. ಲಾಂಚಿನಲ್ಲಿ ಹೋಗುವಾಗಲೆಲ್ಲ ಅವರು ಅದನ್ನು ನೋಡುತ್ತಾರೆ. ಅಂದೂ ಯಾರಿಗಾಗಿಯೂ ಕಾಯುತ್ತಿರಲಿಲ್ಲ, ತವರನ್ನು ನೋಡುತ್ತಿದ್ದರು. ಸತ್ಯವನ್ನು ಹಿಡಿಯಲೆಂದು ಕದ್ದು ತೆಗೆದವನು ನಾನು. ಸತ್ಯವಿದ್ದದ್ದು ನಾನು ಕತ್ತರಿಸಿ ಎಸೆದ ಭಾಗದಲ್ಲಿ. ಕೆಳಗೆ ಸುಳ್ಳು ಬರೆದವನನ್ನು ರಾತ್ರಿಯೆಲ್ಲ ಬೈದಿದ್ದೆ. ಅವನಿಗಿಂತ ಮೊದಲು ಸುಳ್ಳು ಹೆಸರಿಟ್ಟವನು ನಾನೇ ಅಲ್ಲವೆ?

ಪುಣ್ಯಕ್ಕೆ ಮೂಲಚಿತ್ರ ಇತ್ತು. ಬೆಂಗಳೂರಿಗೆ ಬಂದು ಗುಡ್ಡ ಸಮೇತ ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ಕಳಿಸಿಕೊಟ್ಟೆ. ಅಜ್ಜಿ ಅದನ್ನು ದೇವರ ಪಟಗಳ ಸಾಲಿನಲ್ಲಿ ತೂಗಹಾಕಿಸಿದ್ದಾರೆಂದು ಹುಡುಗ ಬರೆದ. ಸೊಸೆ ಏನೆಂದರೆಂದು ಬರೆಯಲಿಲ್ಲ. ಇನ್ನೊಂದು, ಸುಳ್ಳು ಬರೆದ ಪಟ, ಈಗಲೂ ಯಾವ ಯಾವ ಫೋನುಗಳಲ್ಲಿ ಅಲೆಯುತ್ತಿದೆಯೋ! ಅದನ್ನು ಹಿಂದಕ್ಕೆ ಕರೆಯುವ ಉಪಾಯ ನನ್ನಲ್ಲಿಲ್ಲ.

ಅಂದಿನಿಂದ ನಾನು ಕೇಳಿಯೇ ಪಟ ತೆಗೆಯುತ್ತೇನೆ. ನಷ್ಟವಿಲ್ಲವೆಂದಲ್ಲ. ಮೊನ್ನೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ, ಸಂಜೆಯ ಬಿಸಿಲು ಬಳೆಗಳ ರಾಶಿಯ ಮೇಲೆ ಬಿದ್ದು ಬಳೆಗಾರ್ತಿಯ ಮುಖವೆಲ್ಲ ಬಣ್ಣಬಣ್ಣವಾಗಿತ್ತು. “ಒಂದು ಪಟ ತೆಗೆಯಲೆ, ಅಮ್ಮ?” ಎಂದೆ. “ಬ್ಯಾಡ ಮಾರಾಯ್ರೇ, ಬಳೆ ಬೇಕಾದ್ರೆ ತಗಳಿ” ಎಂದಳು. ಕ್ಯಾಮೆರಾ ಚೀಲಕ್ಕೆ ಹಾಕಿ ಒಂದು ಡಜನ್ ಹಸಿರು ಬಳೆ ಕೊಂಡೆ.

ಮನೆಯಲ್ಲಿ ಅವು ಯಾರ ಕೈಗೂ ಹಿಡಿಸಲಿಲ್ಲ. ಹೊರಡುವಾಗ ಅಳತೆ ಕೇಳಬೇಕೆಂಬುದು ನನಗೆ ಹೊಳೆದಿರಲಿಲ್ಲ.